ಹಾಯಿ ಕಳಚಿ ಮರಸು ಕಟ್ಟಿದ್ದು: ಎರಡು ಹಳೆಯ ಸನ್‌ಫಿಷ್‌ಗಳು ಬಾತು ಬೇಟೆಯ ದೋಣಿಯಾದ ಬಗೆ

ಅಳತೆಯಿಂದಲೇ ಶುರು ಮಾಡೋಣ. ಸನ್‌ಫಿಷ್ ಹಾಯಿದೋಣಿ 13 ಅಡಿ 9 ಇಂಚು ಉದ್ದ, 4 ಅಡಿ 1 ಇಂಚು ಅಗಲ. ಮೇಲೆಲ್ಲ ಮುಚ್ಚಿದ ಡೆಕ್, ನಡುವೆ ಕಾಲು ಇಳಿಬಿಟ್ಟು ಕೂರಲು ಸಣ್ಣದೊಂದು ಕಾಕ್‌ಪಿಟ್. ನ್ಯೂಜೆರ್ಸಿಯ ಬಾರ್ನೆಗಾಟ್ ಕೊಲ್ಲಿಯಲ್ಲಿ ಬಾತು ಬೇಟೆಗೆಂದೇ ಹುಟ್ಟಿದ ಸ್ನೀಕ್‌ಬಾಕ್ಸ್ ದೋಣಿ ಸುಮಾರು 12 ಅಡಿಗೆ 4 ಅಡಿ. ಅದೂ ಮೇಲೆ ಮುಚ್ಚಿದ, ನೀರಿಗೆ ಅಂಟಿಕೊಂಡಂತೆ ತೇಲುವ ದೋಣಿಯೇ. ವೆಸ್ಟ್ ಕ್ರೀಕ್ ಊರಿನ ಹೇಝೆಲ್ಟನ್ ಸೀಮನ್ 1836ರಲ್ಲಿ ಕಟ್ಟಿದ ಮಾದರಿ ಅದು. ಆ ಕಾಲದ ಸ್ನೀಕ್‌ಬಾಕ್ಸಿಗೆ ಹುಟ್ಟೂ ಇತ್ತು, ಹಾಯಿಯೂ ಇತ್ತು, ತಳದಲ್ಲಿ ಹಲಗೆ ಇಳಿಸುವ ಸೀಳೂ ಇತ್ತು. ಹಾಗಾಗಿ ಸನ್‌ಫಿಷ್‌ನ ಹಾಯಿ ಕಳಚಿ ಬೇಟೆಗೆ ಹೂಡುವುದು ಹೊಸ ಸಾಹಸವೇನಲ್ಲ, ದೋಣಿ ತವರಿಗೆ ಮರಳಿದಂತೆ. ಆಕಾರ ಆಗಲೇ ಸರಿಯಿದೆ. ಕೆಲಸವೆಲ್ಲ ಉಳಿದಿರುವುದು ಎರಡರಲ್ಲಿ: ಒಳಗೆ ಸೇರಿದ ನೀರನ್ನು ಹೊರಗೆ ಹಾಕುವುದು, ಕೊಯ್ದು ತೆಗೆದ ಬಲವನ್ನು ಮತ್ತೆ ಕಟ್ಟುವುದು.

ಒಂದು ಮಾತು ಮೊದಲೇ ಹೇಳಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಬಾತಿಗೆ ಕೋವಿ ಎತ್ತುವುದು ಅಪರಾಧ. ಇದು ನ್ಯೂಜೆರ್ಸಿಯ ಉಪ್ಪುಜೌಗಿನ ಕೆಲಸ. ಅಲ್ಲಿ ಲೈಸೆನ್ಸ್, ಋತು, ದಿನಕ್ಕೆ ಇಷ್ಟೇ ಎಂಬ ಮಿತಿ, ಎಲ್ಲ ಇದೆ. ಕೋವಿಯ ಜಾಗದಲ್ಲಿ ಕ್ಯಾಮೆರಾ ಇಡುವವರಿಗೂ ದೋಣಿಯ ಕೆಲಸದಲ್ಲಿ ಒಂದಿಂಚೂ ಬದಲಾಗುವುದಿಲ್ಲ. ಮಲೆನಾಡಿನಲ್ಲಿ ಹಿಂದೆ ಬೇಟೆಗೆಂದು ಕಾಣದಂತೆ ಅಡಗಿ ಮರದ ಮೇಲೆ ಮರಸು ಕೂರುತ್ತಿದ್ದರಲ್ಲ, ಅದನ್ನು ನೀರಿನ ಮೇಲೆ ಮಲಗಿಸಿದರೆ ಈ ದೋಣಿ.

ಒಂದನೇ ದೋಣಿ ಅಪ್ಪನಿಗೆ: ಪೂರ್ತಿ ಮಲಗುವಷ್ಟು ಕಾಕ್‌ಪಿಟ್, ಸಣ್ಣ ಎಲೆಕ್ಟ್ರಿಕ್ ಮೋಟಾರ್. ಎರಡನೆಯದು 95 ಪೌಂಡ್ ತೂಗುವ ಮಗಳಿಗೆ: ಕಡಿಮೆ ಕೊಯ್ತ, ಬರೀ ಹುಟ್ಟು. ಒಂದೇ ದೋಣಿಯಲ್ಲಿ ಎರಡು ಕೋವಿ ಇಡಬಾರದೆಂಬ ನಿಯಮ ಹಾಕಿಕೊಂಡಿದ್ದರಿಂದಲೇ ಎರಡು ದೋಣಿ.

ಕಣ್ಣಿಗಿಂತ ತಕ್ಕಡಿ ನಂಬಿ

ಹೊಸದರಲ್ಲಿ ಸನ್‌ಫಿಷ್‌ನ ಬರೀ ಒಡಲು ಸುಮಾರು 130 ಪೌಂಡ್ (59 ಕೆಜಿ). ನಲವತ್ತು ವರ್ಷ ಅಂಗಳದಲ್ಲಿ ಬಿದ್ದ ದೋಣಿ ಇದಕ್ಕಿಂತ ಎಷ್ಟು ಹೆಚ್ಚು ತೂಗುತ್ತದೋ ಅಷ್ಟೂ ನೀರು. ತೂಗಲು ಬಚ್ಚಲುಮನೆಯ ತಕ್ಕಡಿಯೇ ಸಾಕು. ದೋಣಿಯನ್ನು ಮುಂದೊಂದು ಹಿಂದೊಂದು ಮರದ ತುಂಡಿನ ಮೇಲೆ ನಿಲ್ಲಿಸಿ, ಮೊದಲು ಮುಂದಿನ ತುಂಡಿನ ಕೆಳಗೆ ತಕ್ಕಡಿ ಇಟ್ಟು ಅಂಕಿ ಬರೆದುಕೊಳ್ಳಿ, ಆಮೇಲೆ ಹಿಂದಿನದರ ಕೆಳಗೆ. ಎರಡನ್ನೂ ಕೂಡಿಸಿದರೆ ಪೂರ್ತಿ ತೂಕ. ಎರಡು ಸಲವೂ ತುಂಡುಗಳು ಅದೇ ಜಾಗದಲ್ಲಿರಬೇಕು, ದೋಣಿ ಮಟ್ಟಸವಾಗಿರಬೇಕು. ಹಾಗಾಗಿ ತುಂಡುಗಳ ಜಾಗವನ್ನು ಒಡಲಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ.

ನಮ್ಮ ಒಂದನೇ ದೋಣಿ 171 ಪೌಂಡ್ ಬಂತು, ಎರಡನೆಯದು 139. ಅಂದರೆ ಮೊದಲನೆಯದರ ಹೊಟ್ಟೆಯಲ್ಲಿ ಹೆಚ್ಚುಕಡಿಮೆ 5 ಗ್ಯಾಲನ್ ನೀರು. ಅಲ್ಲಾಡಿಸಿದರೆ ಸದ್ದಿಲ್ಲ, ಪ್ಲಗ್ ತೆಗೆದರೆ ಹನಿಯೂ ಬೀಳುವುದಿಲ್ಲ. ನೀರು ಕೂತಿರುವುದು ಫೋಮ್‌ನಲ್ಲಿ. ಡೆಕ್ಕಿಗೂ ತಳಕ್ಕೂ ನಡುವೆ ಥರ್ಮೋಕೋಲ್‌ನಂಥ ಬಿಳಿ ಪಾಲಿಸ್ಟೈರೀನ್ ದಿಮ್ಮಿಗಳಿವೆ, ಅವು ಅಲುಗದಂತೆ ಹಿಡಿದಿಡಲು ಹಳದಿ ಬಣ್ಣದ ಉಬ್ಬುವ ಫೋಮ್ ಸುರಿದಿದ್ದಾರೆ. ವಯಸ್ಸಾದ ಮೇಲೆ ಆ ಹಳದಿ ಫೋಮ್ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ.

ತೂಕ ನೋಡಿದ ಮೇಲೆ, ಗರಗಸ ಮುಟ್ಟುವ ಮೊದಲು, ಸೋರಿಕೆ ಹುಡುಕಬೇಕು. ಕಾಕ್‌ಪಿಟ್ಟಿನ ಮುಂಗೋಡೆಯಲ್ಲಿರುವ ಪುಟ್ಟ ಗಾಳಿರಂಧ್ರಕ್ಕೆ ಟೇಪ್ ಹಚ್ಚಿ. ಡೆಕ್ಕಿನ ಪ್ಲಗ್ ತೂತಿಗೆ ಪೈಪು ಕೊಟ್ಟು ಬಾಯಿಂದ ಊದಿ, ಅಥವಾ ಹಾಸಿಗೆಗೆ ಗಾಳಿ ತುಂಬುವ ಸಣ್ಣ ಪಂಪು ಬಳಸಿ. ಕಂಪ್ರೆಸರ್ ಹತ್ತಿರವೂ ತರಬೇಡಿ. ಲೆಕ್ಕ ನೋಡಿ: ಡೆಕ್ಕಿನ ವಿಸ್ತೀರ್ಣ 30 ಚದರ ಅಡಿ ಎಂದುಕೊಂಡರೆ 4,320 ಚದರ ಇಂಚು. ಬರೀ ಅರ್ಧ ಪಿಎಸ್‌ಐ (ಚದರ ಇಂಚಿಗೆ ಅರ್ಧ ಪೌಂಡ್) ಒತ್ತಡಕ್ಕೆ 2,160 ಪೌಂಡ್ ಬಲ ಡೆಕ್ಕನ್ನು ಮೇಲಕ್ಕೆ ನೂಕುತ್ತದೆ, ಅಂಚಿನ ಹೊಲಿಗೆ ಬಿರಿಯುತ್ತದೆ. ಮೆಲ್ಲಗೆ ಊದುತ್ತ ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಿಂದ ಬಳಿಯುತ್ತ ಹೋದರೆ ಗುಳ್ಳೆ ತಾನಾಗಿ ತೋರಿಸುತ್ತದೆ. ಇದು ಮಕ್ಕಳ ಕೆಲಸ. ಅವರ ಕಣ್ಣು ನೆಲಕ್ಕೆ ಹತ್ತಿರ, ತಾಳ್ಮೆಯೂ ಹೆಚ್ಚು. ನಮಗೆ ಗುಳ್ಳೆ ಬಂದದ್ದು ಡೆಕ್-ಒಡಲು ಕೂಡುವ ಅಂಚಿನಲ್ಲಿ ಮೂರು ಕಡೆ, ನಡುಹಲಗೆಯ (ದೋಣಿ ಗಾಳಿಗೆ ಅಡ್ಡ ಜಾರದಂತೆ ತಳದಿಂದ ನೀರಿಗೆ ಇಳಿಸುವ ಹಲಗೆ) ಗೂಡಿನ ಕೆಳಮೂಲೆಯಲ್ಲಿ, ಕಾಕ್‌ಪಿಟ್ಟಿನ ನೀರು ಹೊರಬಿಡುವ ಬೇಲರ್ ಸುತ್ತ. ಹಾಯಿ ಕಟ್ಟುವ ಕೂವೆಮರ ನಿಲ್ಲಿಸುವ ಗುಳಿಗೆ ಬೇರೆಯೇ ಪರೀಕ್ಷೆ: ಕಂಠದವರೆಗೆ ನೀರು ತುಂಬಿ ಒಂದು ರಾತ್ರಿ ಬಿಡಿ. ಎರಡನೇ ದೋಣಿಯಲ್ಲಿ ಬೆಳಗ್ಗೆ ನೀರು ನಾಲ್ಕು ಬೆರಳು ಇಳಿದಿತ್ತು, ಗುಳಿಯ ಬುಡ ಸವೆದು ತೂತಾಗಿತ್ತು.

ಒಳ್ಳೆಯ, ಒಣಗಿದ, ಬಿರುಕಿಲ್ಲದ ಸನ್‌ಫಿಷ್ ಸಿಕ್ಕರೆ ಕೊಯ್ಯಬೇಡಿ. ಹಾಯಿ ಓಡಿಸುವವರಿಗೆ ಮಾರಿ ಕೆಟ್ಟದ್ದೊಂದನ್ನು ಕೊಳ್ಳಿ. ಕೆಟ್ಟ ದೋಣಿಯಲ್ಲೂ ಕೂವೆಮರ, ಹಾಯಿ, ಚುಕ್ಕಾಣಿ, ನಡುಹಲಗೆ ಬಿಡಿಯಾಗಿ ಚೆನ್ನಾಗಿ ಮಾರಾಟವಾಗುತ್ತವೆ. ನಮ್ಮ ಇಪಾಕ್ಸಿ ಅಂಟಿನ ಖರ್ಚು ಅದರಲ್ಲೇ ಹುಟ್ಟಿತು.

ಒಣಗಿಸುವುದು

ಎರಡನೇ ದೋಣಿಯಲ್ಲಿ ಹೆಚ್ಚುವರಿ 9 ಪೌಂಡ್ ಮಾತ್ರ, ಫೋಮ್ ಕೀಳದೆ ಒಣಗಿಸಬಹುದು. 6 ಇಂಚಿನ ತಿರುಪು ಮುಚ್ಚಳ ಎರಡು ತಂದು, ಒಂದನ್ನು ಮುಂದಿನ ಡೆಕ್ಕಿನಲ್ಲಿ, ಇನ್ನೊಂದನ್ನು ಕಾಕ್‌ಪಿಟ್ಟಿನ ಹಿಂದಿನ ಡೆಕ್ಕಿನಲ್ಲಿ ಕೂರಿಸಿದೆವು. 4 ಇಂಚಿನದು ಅಗ್ಗ, ಆದರೆ ಕೈ ಹೋಗುವುದಿಲ್ಲ. 6 ಇಂಚಿನದರಲ್ಲಿ ಮಗಳ ಕೈ ಭುಜದವರೆಗೆ ಒಳಗಿಳಿಯುತ್ತದೆ, ದೊಡ್ಡವರದು ಮೊಣಕೈಗೇ ಸಿಕ್ಕಿಕೊಳ್ಳುತ್ತದೆ. ಬಟ್ಟೆಯಲ್ಲಿ ಒರೆಸುವುದು, ಸಡಿಲಾದ ಫೋಮ್ ಮುಟ್ಟಿ ನೋಡುವುದು, ಒಳಗಿಂದ ನಟ್ಟು ಹಿಡಿಯುವುದು ಎಲ್ಲ ಅವಳ ಪಾಲಿಗೆ. ಒಂದು ತೂತಿಗೆ ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಟೇಪ್ ಮಾಡಿ ಗಾಳಿ ಹೊರಗೆ ಎಳೆಯುವಂತೆ ಬಿಟ್ಟರೆ ಇನ್ನೊಂದರಿಂದ ಒಣಗಾಳಿ ಒಳಗೆ ಬರುತ್ತದೆ. ಐದು ವಾರಕ್ಕೆ 139 ಇಳಿದು 132 ಆಯಿತು. ಆಮೇಲೆ ಎರಡು ವಾರ ಅಲ್ಲೇ ನಿಂತಿತು, ಸಾಕು ಎಂದು ನಿಲ್ಲಿಸಿದೆವು. ಒಡಲೊಳಗೆ ಬಲ್ಬು ಉರಿಸಿ ಒಣಗಿಸುವ ಹಳೆಯ ಪದ್ಧತಿ ಇದೆ. ಪಾಲಿಸ್ಟೈರೀನ್ ಪಕ್ಕದಲ್ಲಿ ಬಿಸಿ ಬಲ್ಬು ಬಿಟ್ಟು ಮಲಗಿ ನಿದ್ದೆ ಮಾಡುವ ಧೈರ್ಯ ನಮಗಿಲ್ಲ.

171 ಪೌಂಡಿನದು ಹೀಗೆ ಒಣಗುವ ಪೈಕಿ ಅಲ್ಲ. ಅದನ್ನು ಕೊಯ್ಯಲೇಬೇಕು.

ಒಂದನೇ ದೋಣಿ: ಕೊಯ್ತ

ಫೋಮ್ ದಿಮ್ಮಿಗಳು ತೇಲಲು ಮಾತ್ರ ಇರುವುದಲ್ಲ, ಡೆಕ್ಕನ್ನೂ ತಳವನ್ನೂ ಒಂದಕ್ಕೊಂದು ಹಿಡಿದಿರುವ ತೊಲೆಗಳೂ ಅವೇ. ನಡುಹಲಗೆಯ ಗೂಡು ನಡುವಿನ ಕಂಬ. ಇವೆಲ್ಲ ತೆಗೆದರೆ ಎಂಟನೇ ಒಂದು ಇಂಚಿನ ಫೈಬರ್ ಚಿಪ್ಪು ಉಳಿಯುತ್ತದೆ, ಅದು ಎಣ್ಣೆ ಡಬ್ಬದ ತಳದ ಹಾಗೆ ಒಳಹೊರಗೆ ಪಟಪಟ ಎನ್ನುತ್ತದೆ. ಆದ್ದರಿಂದ ಮೊದಲ ಕೆಲಸ ತೊಟ್ಟಿಲು. 2×4 ಮರದಲ್ಲಿ ಮೂರು ಅಡ್ಡಪಟ್ಟಿ, ಒಡಲಿನ ಬಾಗಿಗೆ ಸರಿಯಾಗಿ ಕತ್ತರಿಸಿ, ಮೇಲೆ ಹಳೆಯ ಕಾರ್ಪೆಟ್. ತಳ ಮೂರೂ ಕಡೆ ಕೂರಬೇಕು. ತಳ ಜೋಲುಬಿದ್ದಾಗ ಇಪಾಕ್ಸಿ ಹಾಕಿದರೆ ಆ ಜೋಲು ಶಾಶ್ವತ.

ಎರಡನೆಯದು ಅಗಲ ಕಟ್ಟುವುದು. ಇಲ್ಲೇ ನಾವು ಎಡವಿದ್ದು. ಡೆಕ್ ಕೊಯ್ದ ಕೂಡಲೇ ಎರಡೂ ಬದಿ ಹೊರಕ್ಕೆ ಅಗಲಿದವು, 49 ಇಂಚು ಇದ್ದದ್ದು 49 ಮುಕ್ಕಾಲು. ಕೊಯ್ಯುವ ಮೊದಲೇ ಮೂರು ಕಡೆ ಅಗಲ ಬರೆದಿಟ್ಟುಕೊಂಡು, ಅಡ್ಡಕ್ಕೆ ಪಟ್ಟಿ ತಿರುಪು ಹಾಕಿದ್ದರೆ ಆಗುತ್ತಿರಲಿಲ್ಲ. ರ‍್ಯಾಚೆಟ್ ಪಟ್ಟಿ ಬಿಗಿದು ಮತ್ತೆ 49ಕ್ಕೆ ಎಳೆದು, ಒಳಗಿನ ಕೆಲಸವೆಲ್ಲ ಮುಗಿದು ಇಪಾಕ್ಸಿ ಪೂರ್ತಿ ಗಟ್ಟಿಯಾಗುವವರೆಗೂ ಪಟ್ಟಿ ಬಿಚ್ಚಲಿಲ್ಲ.

ತೆರೆದ ಜಾಗ 6 ಅಡಿ 4 ಇಂಚು ಉದ್ದ, 28 ಇಂಚು ಅಗಲ. ಹಳೆಯ ಕಾಕ್‌ಪಿಟ್ಟಿನಿಂದ ಮುಂದಕ್ಕೆ, ನಡುಹಲಗೆಯ ಗೂಡನ್ನೂ ದಾಟಿ ಕೊಯ್ದದ್ದು. ಹಿಂದಕ್ಕೆ ಕೊಯ್ದರೆ ಮಲಗಿದವನ ಭಾರವೆಲ್ಲ ಹಿಂದೆ ಬಿದ್ದು ಮೂತಿ ಆಕಾಶ ನೋಡುತ್ತದೆ. ಕಾಲು ಮುಂದೆ, ತಲೆ ಹಿಂದೆ, ಸೊಂಟ ದೋಣಿಯ ನಡುಮಧ್ಯದಿಂದ ಅರ್ಧ ಅಡಿ ಹಿಂದೆ ಬರುವಂತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೋಣಿ ಬರೆದು, ಅದರಲ್ಲಿ ಮಲಗಿ ನೋಡಿ ಗುರುತು ಹಾಕಿದೆವು.

ಮೂಲೆಗಳಿಗೆ ಕನಿಷ್ಠ 4 ಇಂಚಿನ ದುಂಡು ಬೇಕು. ಚೌಕ ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಡೆಕ್ಕಿನ ಮೇಲೆ ಪೇಂಟರ್ ಟೇಪ್ ಹಚ್ಚಿ ಗೆರೆ ಎಳೆದು, ಜಿಗ್ಸಾಗೆ ಕಾರ್ಬೈಡ್ ಪುಡಿ ಅಂಟಿಸಿದ ಬ್ಲೇಡ್ ಹಾಕಿ ಕೊಯ್ದೆವು. ಮರ ಕೊಯ್ಯುವ ಬ್ಲೇಡು ಫೈಬರಿನಲ್ಲಿ ಒಂದಡಿ ಹೋಗುವಷ್ಟರಲ್ಲಿ ಮೊಂಡು. ಆ್ಯಂಗಲ್ ಗ್ರೈಂಡರಿಗೆ ವಜ್ರದ ಚಕ್ರ ಹಾಕಿದರೆ ವೇಗ ಹೆಚ್ಚು, ಆದರೆ ದುಂಡು ಬರುವುದಿಲ್ಲ, ಧೂಳು ಮನೆ ತುಂಬುತ್ತದೆ. ಫೈಬರ್ ಕೊಯ್ಯುವಾಗ, ಉಜ್ಜುವಾಗ ಮಗಳು ಶೆಡ್ಡಿನ ಹೊರಗೆ. ದೊಡ್ಡವರಿಗೆ ಪಿ-100 ಮಾಸ್ಕ್, ಕನ್ನಡಕ, ಕಾಗದದ ಮೇಲಂಗಿ. ತುರಿಕೆ ಹತ್ತಿದ ಮೇಲೆ ತಣ್ಣೀರು ಸ್ನಾನ. ಬಿಸಿನೀರು ಸುರಿದುಕೊಂಡರೆ ಚರ್ಮದ ರಂಧ್ರ ತೆರೆದು ಎಳೆಗಳು ಇನ್ನೂ ಒಳಗೆ ಹೊಗುತ್ತವೆ ಎಂದು ಈ ಕೆಲಸದವರು ಹೇಳುತ್ತಾರೆ. ನಮಗೂ ತಣ್ಣೀರೇ ಹಿತವಾಯಿತು.

ಒದ್ದೆ ಫೋಮನ್ನು ಹಳೆಯ ಕೈಗರಗಸದಲ್ಲಿ ಇಟ್ಟಿಗೆಯಷ್ಟು ತುಂಡು ಮಾಡಿ ಕಿತ್ತೆವು. ಮೂತಿಯ ಕಡೆಯ ದಿಮ್ಮಿ ಒಣಗಿತ್ತು, ಬಿಟ್ಟೆವು. ನಡುವಿನ ಹಳದಿ ಫೋಮ್ ಹಿಂಡಿದರೆ ನೀರು ಸುರಿಯುತ್ತಿತ್ತು. ಕಿತ್ತದ್ದನ್ನು ಸುಡಬೇಡಿ, ಆ ಹೊಗೆ ವಿಷ.

ಗೂಡು ತೆಗೆದ ತೂತು

ಇದೇ ಇಡೀ ಕೆಲಸದ ಮುಖ್ಯ ಜಾಗ, ಅವಸರ ಬೇಡ. ನಡುಹಲಗೆಯ ಗೂಡನ್ನು ತಳದ ಮಟ್ಟಕ್ಕೆ ಕೊಯ್ದರೆ ತಳದಲ್ಲಿ ಉದ್ದನೆಯ ಸೀಳು ಉಳಿಯುತ್ತದೆ. ಅದರೊಳಗೆ ಮರದ ತುಂಡು ತುರುಕಿ ಮೇಲೆ ಪುಟ್ಟಿ ಬಳಿದವರ ದೋಣಿ ಎರಡನೇ ಚಳಿಗಾಲಕ್ಕೆ ಸೋರುತ್ತದೆ. ಮರ ಉಬ್ಬುತ್ತದೆ, ಕುಗ್ಗುತ್ತದೆ, ಫೈಬರ್ ಅದರ ಜೊತೆ ಹೋಗುವುದಿಲ್ಲ. ಸರಿಯಾದ ದಾರಿ, ತೂತಿನ ಸುತ್ತ ಇಳಿಜಾರು ಉಜ್ಜಿ ಫೈಬರಿನಲ್ಲೇ ತುಂಬುವುದು.

ಇಳಿಜಾರಿನ ಅಳತೆ ದಪ್ಪಕ್ಕೆ 12 ಪಟ್ಟು. ತಳ ಎಂಟನೇ ಒಂದು ಇಂಚು ದಪ್ಪ, ಆದ್ದರಿಂದ ತೂತಿನ ಸುತ್ತ ಒಂದೂವರೆ ಇಂಚು. ಗ್ರೈಂಡರಿಗೆ 36ರ ಉಪ್ಪುಕಾಗದ ಹಾಕಿ, ಹೊರಗಡೆಯಿಂದ, ತೂತಿನ ಅಂಚು ಚಾಕುವಿನಷ್ಟು ತೆಳ್ಳಗಾಗುವವರೆಗೆ. ಆದರೆ ಉಜ್ಜುವ ಮುಂಚೆ ಮೇಣ ತೆಗೆಯಬೇಕು. ಹಳೆಯ ದೋಣಿಗೆ ವರ್ಷಾನುಗಟ್ಟಲೆ ಮೇಣ ತಿಕ್ಕಿರುತ್ತಾರೆ. ಅದನ್ನು ದ್ರಾವಕದಲ್ಲಿ ಒರೆಸದೆ ಉಜ್ಜಿದರೆ ಮೇಣ ಗೀರುಗಳೊಳಗೆ ಹೊಕ್ಕು ಇಪಾಕ್ಸಿ ಹಿಡಿಯುವುದಿಲ್ಲ. ಒಂದು ಬಟ್ಟೆಯಲ್ಲಿ ಒದ್ದೆ ಮಾಡಿ, ಅದು ಆರುವ ಮೊದಲೇ ಇನ್ನೊಂದು ಶುದ್ಧ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ದೋಣಿ ಬೋರಲು ಹಾಕಿ, ಒಳಗಡೆಯಿಂದ ಪ್ಯಾಕಿಂಗ್ ಟೇಪ್ ಸುತ್ತಿದ ಕಾಲಿಂಚಿನ ಪ್ಲೈವುಡ್ ತುಂಡನ್ನು ತೂತಿಗೆ ಒತ್ತಿ ನಿಲ್ಲಿಸಿದೆವು. ಟೇಪಿಗೆ ಇಪಾಕ್ಸಿ ಅಂಟುವುದಿಲ್ಲ, ಆಮೇಲೆ ತಟ್ಟಿದರೆ ಕಳಚುತ್ತದೆ. ಮೇಲೆ 1708 ಎಂಬ ಗಾಜಿನೆಳೆಯ ಬಟ್ಟೆ (17 ಔನ್ಸ್, ಎರಡು ದಿಕ್ಕಿನ ಎಳೆಗಳನ್ನು ಸೇರಿಸಿ ಹೊಲಿದದ್ದು, ಹಿಂದೆ ಮುಕ್ಕಾಲು ಔನ್ಸ್ ಮ್ಯಾಟ್) ಮೂರು ಪದರ, ದೊಡ್ಡದು ಮೊದಲು, ಚಿಕ್ಕದು ಕೊನೆಗೆ. ಗಟ್ಟಿಯಾದ ಮೇಲೆ ದೋಣಿ ತಿರುಗಿಸಿ, ಪ್ಲೈ ಕಳಚಿ, ಒಳಗಿನಿಂದ ತೂತಿಗಿಂತ ಸುತ್ತಲೂ 3 ಇಂಚು ಅಗಲದ ಇನ್ನೆರಡು ಪದರ.

ಇಪಾಕ್ಸಿ ಅಳೆಯುವುದು ಮಗಳ ಕೆಲಸ, ಅಳೆಯುವಾಗ ಯಾರೂ ಮಾತಾಡಿಸುವಂತಿಲ್ಲ. ನಾವು ಬಳಸಿದ್ದರ ಪ್ರಮಾಣ ರೆಸಿನ್ 5ಕ್ಕೆ ಅದನ್ನು ಗಟ್ಟಿಮಾಡುವ ಹಾರ್ಡ್‌ನರ್ 1. 2ಕ್ಕೆ 1 ಇರುವ ಜಾತಿಯೂ ಇದೆ, ಡಬ್ಬ ಓದಬೇಕು. ಪಂಪಿನ ಅಳತೆ ಆಗಲೇ ಲೆಕ್ಕ ಹಾಕಿರುತ್ತದೆ, ರೆಸಿನ್ ಒಂದು ಒತ್ತು, ಹಾರ್ಡ್‌ನರ್ ಒಂದು ಒತ್ತು. ಐದು ಒತ್ತಿಗೆ ಒಂದು ಒತ್ತಿದರೆ ಜನ್ಮದಲ್ಲಿ ಗಟ್ಟಿಯಾಗುವುದಿಲ್ಲ, ಕೆರೆದು ತೆಗೆಯುವುದೇ ಗತಿ. ಎರಡು ನಿಮಿಷ ಕಲಕಿ, ಬೇರೆ ಲೋಟಕ್ಕೆ ಸುರಿದು ಮತ್ತೆ ಕಲಕಿ, ಯಾಕೆಂದರೆ ಮೊದಲ ಲೋಟದ ಗೋಡೆಗೆ ಕಲೆಯದ ರೆಸಿನ್ ಅಂಟಿರುತ್ತದೆ. ಆಳದ ಲೋಟದಲ್ಲಿ ಹೆಚ್ಚು ಕಲಸಿ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿದರೆ ಹೆಚ್ಚು ಹೊತ್ತು ಸಿಗುತ್ತದೆ.

ಒಂದು ಪದರ ಗಟ್ಟಿಯಾದ ಮೇಲೆ ಮೇಲ್ಮೈ ಸ್ವಲ್ಪ ಜಿಡ್ಡುಜಿಡ್ಡಾಗಿದ್ದರೆ ಅದು ಅಮೈನ್ ಜಿಡ್ಡು. ನೀರು, ಹಸಿರು ಪಾತ್ರೆ ತಿಕ್ಕುವ ಪ್ಯಾಡು ಸಾಕು. ತೊಳೆಯದೆ ಉಜ್ಜಿದರೆ ಉಪ್ಪುಕಾಗದ ಕಟ್ಟಿಕೊಳ್ಳುತ್ತದೆ, ಮುಂದಿನ ಪದರವೂ ಹಿಡಿಯುವುದಿಲ್ಲ.

ಹಳೆಯ ದೋಣಿ ಪಾಲಿಯೆಸ್ಟರ್ ರೆಸಿನ್ನಿನದು, ಹಾಗಿದ್ದೂ ರಿಪೇರಿಗೆ ಅಗ್ಗದ ಪಾಲಿಯೆಸ್ಟರ್ ಯಾಕೆ ಬೇಡ ಎಂದರೆ, ಎರಡು ಕಾರಣ. ಗಟ್ಟಿಯಾದ ಹಳೆಯ ಫೈಬರಿಗೆ ಅದರ ಹಿಡಿತ ಇಪಾಕ್ಸಿಯಷ್ಟಿಲ್ಲ. ಎರಡನೆಯದು, ಅದರಲ್ಲಿರುವ ಸ್ಟೈರೀನ್ ಪಾಲಿಸ್ಟೈರೀನ್ ಫೋಮನ್ನು ಕರಗಿಸುತ್ತದೆ. ಪರೀಕ್ಷೆಗೆಂದು ಒಂದು ತುಂಡು ಫೋಮ್ ಮೇಲೆ ಒಂದು ಚಮಚ ಹಾಕಿದೆವು. ಬಿಸಿ ಕಾವಲಿಯ ಮೇಲಿನ ಬೆಣ್ಣೆಯ ಹಾಗೆ ಗುಳಿಬಿದ್ದು, ಹತ್ತು ನಿಮಿಷಕ್ಕೆ ಆಚೆ ಬದಿ ಕಾಣಿಸಿತು.

ಕೊಯ್ದದ್ದನ್ನು ಕಟ್ಟುವುದು

ತೆರೆದ ಅಂಚಿನ ಕೆಳಗೆ ಉದ್ದಕ್ಕೂ ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಆಳದ ಡಗ್ಲಸ್ ಫರ್ ಪಟ್ಟಿ, ಎರಡೂ ಬದಿ. ಇಪಾಕ್ಸಿಗೆ ಸಿಲಿಕಾ ಪುಡಿ ಸೇರಿಸಿ ಗಟ್ಟಿ ಚಟ್ನಿಯ ಹದಕ್ಕೆ ತಂದು ಬಳಿದು, 5 ಇಂಚಿಗೊಂದರಂತೆ ಕ್ಲ್ಯಾಂಪ್. ಕ್ಲ್ಯಾಂಪ್ ಸಾಲದಿದ್ದರೆ 4 ಇಂಚಿನ ಪಿವಿಸಿ ಪೈಪನ್ನು ಬಳೆಯಂತೆ ಕೊಯ್ದು, ಒಂದು ಕಡೆ ಸೀಳಿದರೆ ಪುಕ್ಕಟೆ ಕ್ಲ್ಯಾಂಪ್. ವಿಪರೀತ ಬಿಗಿಯಬೇಡಿ, ಅಂಟೆಲ್ಲ ಹೊರಗೆ ಹಿಂಡಿಹೋಗಿ ಕೂಡುಗೆ ಒಣಗುತ್ತದೆ.

ಕಾಕ್‌ಪಿಟ್ಟಿನ ಮುಂದೆ, ಹಿಂದೆ ಅರ್ಧ ಇಂಚಿನ ಮೆರೀನ್ ಪ್ಲೈವುಡ್ಡಿನ ಅಡ್ಡಗೋಡೆ. ಈ ಎರಡು ಗೋಡೆಗಳೇ ಗೂಡಿನ ಬದಲಿ ಕಂಬ. ಆಕಾರ ತೆಗೆಯಲು ರಟ್ಟು ಕತ್ತರಿಸಿ ಕೂರಿಸಿ ನೋಡುತ್ತ ಹೋಗಬೇಕು, ಟೇಪಿನ ಅಳತೆ ಬಾಗಿದ ಒಡಲಿನಲ್ಲಿ ಸುಳ್ಳು ಹೇಳುತ್ತದೆ. ಪ್ಲೈ ಒಡಲಿಗೆ ನೇರ ತಾಗಬಾರದು, ತಾಗಿದ ಗೆರೆ ಹೊರಗಡೆ ಉಬ್ಬಾಗಿ ಕಾಣುತ್ತದೆ. ಕಾಲಿಂಚು ಸಂದು ಬಿಟ್ಟು ಅದೇ ಚಟ್ನಿಯಿಂದ ತುಂಬಿ, ಮೂಲೆಯನ್ನು ಚಮಚದ ಬೆನ್ನಿನಿಂದ ದುಂಡಗೆ ಎಳೆದು, ಹಸಿಯಿರುವಾಗಲೇ ಮೇಲೆ 4 ಇಂಚಿನ ಫೈಬರ್ ಟೇಪ್. ಮುಂದಿನ, ಹಿಂದಿನ ಗಾಳಿಕೋಣೆಗಳಿಗೆ ತಲಾ ಒಂದು ತಿರುಪು ಮುಚ್ಚಳ ಇರಲೇಬೇಕು. ಮುಚ್ಚಿದ ಕೋಣೆ ಬಿಸಿಲಿಗೆ ಕಾದು ಉಬ್ಬಿ, ತಣ್ಣೀರಿಗೆ ಇಳಿದಾಗ ಕುಗ್ಗಿ ಸಣ್ಣ ಬಿರುಕಿನಿಂದಲೇ ನೀರು ಹೀರುತ್ತದೆ. ಸನ್‌ಫಿಷ್ ನೀರು ಕುಡಿಯುವುದರ ಹಿಂದಿರುವುದೂ ಇದೇ.

ನೆಲಕ್ಕೆ ಕಟ್ಟಡದ ಅಂಗಡಿಯ ಗುಲಾಬಿ ಬಣ್ಣದ ಎಕ್ಸ್‌ಪಿಎಸ್ ಫೋಮ್ ಹಲಗೆ, 2 ಇಂಚು ದಪ್ಪ. 4×8 ಅಡಿಯ ಒಂದು ಹಲಗೆ 5.3 ಘನ ಅಡಿ. ಒಂದು ಘನ ಅಡಿಗೆ ಸುಮಾರು 60 ಪೌಂಡ್ ಎತ್ತುವ ಶಕ್ತಿ. ಎರಡೂ ದೋಣಿ ಸೇರಿ ಎರಡು ಹಲಗೆ ತಂದೆವು. ಒಂದನೇ ದೋಣಿಯಲ್ಲಿ ನೆಲದಡಿ, ಬದಿಯ ಡೆಕ್ಕಿನಡಿ ಸೇರಿ 6 ಘನ ಅಡಿ ಹೋಯಿತು, 360 ಪೌಂಡ್. ದೋಣಿ ತುಂಬಿಹೋದಾಗ ಇದರಲ್ಲಿ ಕಳೆಯಬೇಕಾದ್ದು: ಫೈಬರ್ ನೀರಿನೊಳಗೆ ತನ್ನ ತೂಕದ ಮೂರನೇ ಒಂದು ಭಾಗ ತೂಗುತ್ತದೆ, ಸುಮಾರು 50 ಪೌಂಡ್, ಮೋಟಾರು, ಬ್ಯಾಟರಿ 70. ಉಳಿದ 240 ಪೌಂಡ್ ಹಿಡಿದುಕೊಂಡು ನೇತಾಡುವವನಿಗೆ. ಫೋಮಿನ ಮೇಲೆ ಕಾಲಿಂಚಿನ ಪ್ಲೈ, ಅದರ ಮೇಲೆ ಒಂದು ಪದರ 6 ಔನ್ಸ್ ಬಟ್ಟೆ. ಡಿಸೆಂಬರಿನ ನೀರಿನ ಮೇಲೆ ಬೆನ್ನು ಕೊಟ್ಟು ಮೂರು ಗಂಟೆ ಮಲಗುವವನಿಗೆ ಆ 2 ಇಂಚು ಫೋಮ್ ಕಂಬಳಿಯೂ ಹೌದು.

ಸುರಿದರೆ ಉಬ್ಬುವ ಎರಡು ಡಬ್ಬದ ಫೋಮನ್ನು ಬದಿಯ ಸಂದಿಗಳಿಗೆ ಮಾತ್ರ ಬಳಸಿದೆವು. ಒಂದೇ ಸಲ ಹೆಚ್ಚು ಸುರಿದರೆ ಜಾಗ ಸಾಲದೆ ಡೆಕ್ಕನ್ನೇ ಎತ್ತುತ್ತದೆ. ಒಂದೊಂದು ಲೋಟ ಸುರಿದು, ಉಬ್ಬುವುದು ನಿಂತ ಮೇಲೆ ಮುಂದಿನದು. ಚಳಿಯಲ್ಲಿ ಸರಿಯಾಗಿ ಉಬ್ಬುವುದೇ ಇಲ್ಲ, ಡಬ್ಬಗಳನ್ನು ಒಂದು ರಾತ್ರಿ ಮನೆಯೊಳಗೆ ಇಟ್ಟಿರಬೇಕು.

ಬೇಲರನ್ನು ಕಿತ್ತು ತೂತು ಮುಚ್ಚಿದೆವು. ಹಾಯಿದೋಣಿ ಓಡುವಾಗ ಅದು ನೀರನ್ನು ಹೊರಗೆ ಎಳೆಯುತ್ತದೆ, ನಿಂತ ದೋಣಿಯಲ್ಲಿ ಅದೇ ತೂತು ನೀರನ್ನು ಒಳಗೆ ಬಿಡುತ್ತದೆ. ಬೇಟೆದೋಣಿ ಇಡೀ ದಿನ ನಿಂತೇ ಇರುವುದು. ನೆಲದ ಹಿಂತುದಿಯಲ್ಲಿ ಒಂದು ಅಂಗೈ ಅಗಲದ ಗುಳಿ ಬಿಟ್ಟು ಸ್ಪಂಜು ಇಟ್ಟರೆ ಸಾಕು.

ಎರಡನೇ ದೋಣಿ

ಇದರಲ್ಲಿ ಗೂಡು ತೆಗೆಯಲಿಲ್ಲ, ಮುಂದಕ್ಕೂ ಕೊಯ್ಯಲಿಲ್ಲ. ಕಾಕ್‌ಪಿಟ್ಟನ್ನು ಹಿಂದಕ್ಕೆ 30 ಇಂಚು ಬೆಳೆಸಿದ್ದಷ್ಟೇ. 95 ಪೌಂಡಿಗೆ ಹಿಂತುದಿ ಕುಸಿಯುವುದಿಲ್ಲ. ಕೂವೆಗುಳಿಯ ತೂತು ಬುಡವನ್ನು ಚಟ್ನಿ ಹದದ ಇಪಾಕ್ಸಿ ಸುರಿದು ಅರ್ಧ ಇಂಚು ಎತ್ತರಿಸಿ, ಮೇಲೆ ರಬ್ಬರ್ ಬಿರಡೆ.

ಉಳಿಸಿದ ಗೂಡಿಗೆ ಹೊಸ ಕೆಲಸ ಸಿಕ್ಕಿತು. ಮುಕ್ಕಾಲು ಇಂಚಿನ ಕಾಂಡ್ಯುಯಿಟ್ ಪೈಪು, 7 ಅಡಿ ಉದ್ದದ್ದು, ಗೂಡಿನ ಮೂಲಕ ಕೆಸರಿಗೆ ಊರಿದರೆ ದೋಣಿಗೆ ಗೂಟ. ಲಂಗರಿನ ಸದ್ದೂ ಇಲ್ಲ, ಅದರ ಹಗ್ಗದ ಗೋಜೂ ಇಲ್ಲ, ಉಬ್ಬರ ಇಳಿತಕ್ಕೆ ದೋಣಿ ಪೈಪಿನಗುಂಟ ಏರಿಳಿಯುತ್ತದೆ. ಒಂದೇ ಗೂಟವಾದ್ದರಿಂದ ಗಾಳಿಗೆ ಗಿರಗಟ್ಟೆಯಂತೆ ತಿರುಗುತ್ತದೆ, ಹಿಂದಿನಿಂದ ಹುಲ್ಲಿಗೆ ಒಂದು ಹಗ್ಗ ಬೇಕು. ಅಪಾಯ ಇರುವುದು ಬೇರೆ ಕಡೆ: ಪೈಪು ಊರಿರುವಾಗಲೇ ದೋಣಿ ಎಳೆದರೆ ಅದು ಹಾರೆಯಂತೆ ಮೀಟಿ ಗೂಡಿನ ಬುಡ ಸೀಳುತ್ತದೆ. ಅದಕ್ಕೇ ಗೂಡಿನ ಸುತ್ತ ಒಳಗಿನಿಂದ ಎರಡು ಪದರ 1708 ಹೆಚ್ಚಿಗೆ ಹಾಕಿದ್ದು. ಪೈಪಿನ ತಲೆಗೆ ಕೆಂಪು ಟೇಪ್ ಸುತ್ತಿದ್ದು, ಹೊರಡುವ ಮುಂಚೆ ಕಣ್ಣಿಗೆ ಬೀಳಲಿ ಎಂದು.

ಕಟ್ಟೆ, ಹುಟ್ಟು, ಮೋಟಾರು

ಕಾಕ್‌ಪಿಟ್ ಸುತ್ತ 4 ಇಂಚು ಎತ್ತರದ ಕಟ್ಟೆ. ನೇರ ಭಾಗಕ್ಕೆ 6 ಮಿಮೀ ಪ್ಲೈ, ಮೂಲೆಯ ಬಾಗಿಗೆ 3 ಮಿಮೀ ಎರಡು ಪದರ ಅಂಟಿಸಿ ಬಗ್ಗಿಸಿದ್ದು. ಮುಂದಿನ ಕಟ್ಟೆಯ ಬಲಗಡೆ ಫೋಮ್ ಹೊದಿಸಿದ ಕಚ್ಚು, ಕೋವಿಯ ನಳಿಗೆ ಅದರ ಮೇಲೆ ಕೂತು ಸದಾ ಮೂತಿಯಾಚೆಗೆ ನೋಡುತ್ತಿರಬೇಕು, ಕಾಲಿನ ಮೇಲೆ ಬರಬಾರದು. ಈ ಕಚ್ಚಿನ ಜಾಗ ನಿಶ್ಚಯಿಸಲು ಖಾಲಿ ಕೋವಿ ಹಿಡಿದು ಹತ್ತು ಸಲ ಎದ್ದು ಮಲಗಿ ನೋಡಬೇಕು.

ಹುಟ್ಟು 7 ಅಡಿಯವು. ನೆಲದ ಮೇಲೇ ಕೂರುವುದರಿಂದ ಹುಟ್ಟಿನ ಕವೆಯನ್ನು ಡೆಕ್ಕಿನಿಂದ 5 ಇಂಚು ಎತ್ತರಿಸಿದ ಮರದ ತುಂಡಿನ ಮೇಲೆ ಕೂರಿಸಿ, ಬೇಟೆಯ ಹೊತ್ತಲ್ಲಿ ಮಡಚುವಂತೆ ಕೀಲು ಹಾಕಿದೆವು. ಸ್ನೀಕ್‌ಬಾಕ್ಸಿನಲ್ಲೂ ಹೀಗೇ ಮಡಚುತ್ತಿದ್ದರು. ಡೆಕ್ಕಿಗೆ ತಿರುಪು ಹಾಕುವ ಪ್ರತಿ ತೂತನ್ನೂ ಮೊದಲು ದೊಡ್ಡದಾಗಿ ಕೊರೆದು, ಇಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ತೂತು. ತಿರುಪೆಲ್ಲ 316 ಸ್ಟೇನ್‌ಲೆಸ್.

ಮೋಟಾರು 30 ಪೌಂಡ್ ನೂಕುಬಲದ 12 ವೋಲ್ಟಿನದು. ಹಿಂಗೋಡೆಯ ಒಳಗಡೆ ಮುಕ್ಕಾಲು ಇಂಚಿನ ಪ್ಲೈ ಅಂಟಿಸಿ, 5/16 ಬೋಲ್ಟ್ ಆರಪಾರ, ಒಳಗೆ ಅಗಲ ವಾಷರ್. 50 ಪೌಂಡಿನ ಬ್ಯಾಟರಿಯನ್ನು ಮೋಟಾರಿನ ಪಕ್ಕ ಇಟ್ಟರೆ ಹಿಂತುದಿ ಮುಳುಗುತ್ತದೆ. ಮುಂದಿನ ಅಡ್ಡಗೋಡೆಗೆ ಒರಗಿಸಿ, ಪಟ್ಟಿ ಬಿಗಿದು, 8 ಗೇಜಿನ ವೈರು, ಬ್ಯಾಟರಿಯ ಬುಡದಲ್ಲೇ 50 ಆ್ಯಂಪಿಯರ್ ಬ್ರೇಕರ್. ನ್ಯೂಜೆರ್ಸಿಯಲ್ಲಿ 12 ಅಡಿ ಮೀರಿದ ಇಂಥ ದೋಣಿಗೆ, ಮೋಟಾರು ಇರಲಿ ಬಿಡಲಿ, ರಾಜ್ಯದ ನೋಂದಣಿ ಸಂಖ್ಯೆ ಬೇಕು, ಅಕ್ಷರ ಕನಿಷ್ಠ 3 ಇಂಚು, ಹಿನ್ನೆಲೆಗೆ ಎದ್ದುಕಾಣುವ ಬಣ್ಣ. ಮೈಯೆಲ್ಲ ಮರೆಮಾಚಿ ಮೂತಿಯಲ್ಲಿ ಮಾತ್ರ ಎದ್ದು ಕಾಣಬೇಕು! ಹುಲ್ಲಿನ ಪರದೆಯನ್ನು ಅಲ್ಲಿ ಕಟ್ಟಿಬಿಚ್ಚುವಂತೆ ಮಾಡಿ, ಓಡುವಾಗ ಮಡಚಿ ಇಡುತ್ತೇವೆ. ಬೆಳಕು ಹರಿಯುವ ಮೊದಲು ಓಡಿಸಲು ದೀಪಗಳೂ ಬೇಕು. ಬಿಳಿ ದೀಪದ ಕಂಬಕ್ಕೆ ಕೂವೆಗುಳಿ ಹೇಳಿ ಮಾಡಿಸಿದಂತಿದೆ ಎನಿಸುತ್ತದೆ, ಆದರೆ ಕಣ್ಣೆದುರಿನ ದೀಪ ಕೋರೈಸಿ ಮುಂದೆ ಏನೂ ಕಾಣದು. ಹಿಂದೆ ನೆಡಬೇಕು.

ಬಣ್ಣ, ಹುಲ್ಲು

ಹೊಳಪು ಸತ್ತರೆ ಅರ್ಧ ಕೆಲಸ ಆದಂತೆ. 80ರ ಕಾಗದದಲ್ಲಿ ಉಜ್ಜಿ, ನವೆಂಬರಿನ ಒಣಹುಲ್ಲಿನ ಬಣ್ಣದ ಮ್ಯಾಟ್ ಪೇಂಟು ಎರಡು ಕೈ, ದೋಣಿಗೊಂದು ಕ್ವಾರ್ಟ್ (ಹೆಚ್ಚುಕಡಿಮೆ ಒಂದು ಲೀಟರ್) ಸಾಕಾಯಿತು. ಮೊದಲ ಕೈ ಹಸಿಯಿರುವಾಗ ಜರಡಿ ಹಿಡಿದ ಸಣ್ಣ ಮರಳು ಉದುರಿಸಿದರೆ ಕಾಲು ಜಾರುವುದಿಲ್ಲ, ಮಿಂಚೂ ಇರುವುದಿಲ್ಲ. ಹಸಿರು ಬಳಿಯುವವರಿದ್ದಾರೆ. ಆ ಹೊತ್ತಿಗೆ ಜೌಗಿನಲ್ಲಿ ಹಸಿರು ಎಲ್ಲಿದೆಯೋ ಅವರನ್ನೇ ಕೇಳಬೇಕು.

ಡೆಕ್ಕಿನ ಎರಡೂ ಬದಿ ಬಂಜಿ ಹಗ್ಗ ಎಳೆದು, ಉಪ್ಪುಹುಲ್ಲಿನ ಸಿವುಡುಗಳನ್ನು ಅದರಡಿ ಸಿಕ್ಕಿಸುವುದು. ಒಂದು ಹಿಡಿ ದಪ್ಪ, ಬುಡ ಕಟ್ಟಿ, ತುದಿ ಹೊರಗೆ ಚಾಚಿ. ಒಂದು ದೋಣಿಗೆ 60 ಸಿವುಡು ಹಿಡಿಯಿತು. ದೀವದ ಬಾತುಗಳ (ಕಾಡುಬಾತುಗಳನ್ನು ಸೆಳೆಯಲು ತೇಲಿಬಿಡುವ ನಕಲಿ ಬಾತುಗಳು) ಚೀಲ ಇಡಲು ಹಿಂದಿನ ಡೆಕ್ಕಿನ ಮೇಲೆ 3 ಇಂಚಿನ ಅಡ್ಡಪಟ್ಟಿ, ಒಂದು ಡಜನ್ ಸಲೀಸಾಗಿ ಕೂರುತ್ತವೆ. (ಬೇಟೆಗಾರರ ಈ 'ದೀವ' ಶಬ್ದ ಮರೆತವರೇ ಹೆಚ್ಚು. ಡೆಕಾಯ್ ಎನ್ನುವ ಬದಲು ಇದನ್ನೇ ಹೇಳಬಹುದು.)

ನೀರಿಗೆ ಇಳಿಸುವ ಮೊದಲು

ಹಾಯಿದೋಣಿಗೆ ಎಷ್ಟು ಭಾರ ಹೊರಬಹುದೆಂಬ ಫಲಕ ಇರುವುದಿಲ್ಲ, ನಾವೇ ತೂಗಿ ನೋಡಬೇಕು. ಸೊಂಟದ ನೀರಿನಲ್ಲಿ, ಜನರ ಬದಲು 5 ಗ್ಯಾಲನ್ ಬಕೆಟ್ಟುಗಳಲ್ಲಿ. ತುಂಬಿದ ಬಕೆಟ್ 42 ಪೌಂಡ್. ಎಂಟು ಬಕೆಟ್ ಇಟ್ಟಾಗ, ಅಂದರೆ 336 ಪೌಂಡಿಗೆ, ಒಂದನೇ ದೋಣಿಯ ಡೆಕ್ಕಿನಂಚು ನೀರಿನಿಂದ 5 ಮುಕ್ಕಾಲು ಇಂಚು ಮೇಲಿತ್ತು. ಹತ್ತು ಇಟ್ಟಾಗ 5ಕ್ಕಿಂತ ಕೆಳಗೆ ಬಂತು. ಎಂಟನ್ನೇ ಗಡಿ ಎಂದು ಕಟ್ಟೆಯ ಒಳಗಡೆ ಬರೆದಿಟ್ಟೆವು. ಬಕೆಟ್ಟನ್ನೆಲ್ಲ ಒಂದೇ ಬದಿಗೆ ಸರಿಸಿ ಎಷ್ಟಕ್ಕೆ ಅಂಚು ನೀರು ಮುಟ್ಟುತ್ತದೆಂದು ನೋಡಿ. ಕೊನೆಗೆ ದೋಣಿಯನ್ನು ಬೇಕೆಂದೇ ನೀರು ತುಂಬಿಸಿ, ಮಟ್ಟಸವಾಗಿ ತೇಲುತ್ತದೆಯೇ ನೋಡಿ. ನಮ್ಮದು ಮೂತಿ ಎತ್ತಿಕೊಂಡು ನಿಂತಿತು. ಹಿಂದಿನ ಕೋಣೆಗೆ ಇನ್ನರ್ಧ ಘನ ಅಡಿ ಫೋಮ್ ಸೇರಿಸಿದ ಮೇಲೆ ಸರಿಯಾಯಿತು.

ಇನ್ನೂ ತಗ್ಗಾಗಿ ಕೂರಲಿ ಎಂದು ಭಾರ ಹೇರಿ ದೋಣಿಯನ್ನು ನೀರಿನ ಮಟ್ಟಕ್ಕೆ ಇಳಿಸುವ ಆಸೆ ಬೇಡ. ನೀರಿನ ಮಟ್ಟಕ್ಕಿಂತ ಕೆಳಗೆ ಬೇಟೆಗಾರನನ್ನು ಅಡಗಿಸುವ ಸಿಂಕ್‌ಬಾಕ್ಸ್ ಅಮೆರಿಕದ ಕಾನೂನಿನಲ್ಲಿ ನಿಷಿದ್ಧ. ಮೋಟಾರು ಪೂರ್ತಿ ಆರಿ, ಹಾಯಿ ಇದ್ದರೆ ಸುತ್ತಿ, ದೋಣಿಯ ಓಟ ನಿಂತ ಮೇಲಷ್ಟೇ ಈಡು. ಕೋವಿಯಲ್ಲಿ ಮೂರು ತೋಟೆಗಿಂತ ಹೆಚ್ಚು ಹಿಡಿಯದಂತೆ ಬಿರಡೆ. ಚರೆ ಸೀಸದ್ದಾಗಿರಬಾರದು, 1991ರಿಂದ ಇಡೀ ದೇಶಕ್ಕೆ ಈ ನಿಯಮ. ಅಪ್ಪನಿಗೆ ಡಕ್ ಸ್ಟ್ಯಾಂಪ್ (ಬಾತು ಬೇಟೆಗೆ ಕೊಳ್ಳಬೇಕಾದ ಕೇಂದ್ರ ಸರ್ಕಾರದ ಚೀಟಿ) ಬೇಕು, 16 ತುಂಬದ ಮಗಳಿಗೆ ಬೇಡ. ಮಕ್ಕಳಿಗೆಂದೇ ಬಿಟ್ಟ ಯುವ ಬೇಟೆಯ ದಿನಗಳಲ್ಲಿ ಜೊತೆಗಿರುವ ದೊಡ್ಡವರು ಬಾತಿಗೆ ಕೋವಿ ಎತ್ತುವಂತಿಲ್ಲ. ಆ ದಿನ ಒಂದನೇ ದೋಣಿಯ ಕೆಲಸ ದೀವ ಹರಡುವುದು, ಬಿದ್ದದ್ದನ್ನು ಹೆಕ್ಕುವುದು. 12 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು ದೋಣಿ ಸಾಗುವಾಗ ಲೈಫ್ ಜಾಕೆಟ್ ತೊಟ್ಟಿರಲೇಬೇಕು. ಆ ನೀರಿನ ಚಳಿಗೆ ನಾವಿಬ್ಬರೂ ನಿಂತಾಗಲೂ ಬಿಚ್ಚುವುದಿಲ್ಲ.

ಮುಂದಿನ ಋತುವಿಗೆ ಬಾಕಿ ಉಳಿದದ್ದು: ಒಂದನೇ ದೋಣಿಯ ಮುಂದಿನ ಕಟ್ಟೆಗೆ ತುಂತುರು ತಡೆಯುವ ಕ್ಯಾನ್ವಾಸ್ ಪರದೆ, ಎರಡನೆಯದರ ಗೂಡಿನ ಬಾಯಿಗೆ ಫೋಮ್ ಬಿರಡೆ. ಎದುರುಗಾಳಿಗೆ ಅಲ್ಲಿಂದ ಕಾರಂಜಿಯ ಹಾಗೆ ನೀರು ಚಿಮ್ಮಿ ಮಗಳ ಮೊಣಕಾಲಿನ ಮೇಲೇ ಬೀಳುತ್ತಿದೆ.